ಶಾಲು ಬೇಡ, ಪಾಲು ಕೊಡಿ



ದೊಡ್ಡ ಊರೊಂದರ ಮನಶ್ಶಾಸ್ತ್ರ ವಿಭಾಗದಿಂದ ನಮಗೊಂದು ಆಮಂತ್ರಣ ಪತ್ರಿಕೆ ಬಂತು. ಎಂ.ಎ. ವಿದ್ಯಾರ್ಥಿಗಳ ಬೀಳ್ಕೊಡುಗೆಯ ದಿನ ಮೂರು ಸನ್ಮಾನಗಳಂತೆ. ಒಂದು, ಉತ್ತಮ ವಿದ್ಯಾರ್ಥಿ ಸಂಘಟನೆಗೆ. ಎರಡು, ಉತ್ತಮ ಮಾರ್ಗದರ್ಶಕರಿಗೆ. ಮೂರು, ಉತ್ತಮ 'ಸಮುದಾಯ ಸಹಭಾಗಿ'ಗೆ. ಈ ಕೊನೆಯ ಮಾತು ನಮಗೆ ತಿಳಿಯಲಿಲ್ಲ. ವಿಚಾರಿಸಿದೆವು. ಓದುವ ಹುಡುಗರು ಹಳ್ಳಿಗೆ, ಕೇರಿಗೆ, ಕೂಲಿಕಾರರ ಗುಡಿಸಲಿಗೆ ಹೋಗಿ ಕಲಿಯುತ್ತಾರಲ್ಲ, ಆಗ ಅವರ ಜೊತೆ ಕೈಜೋಡಿಸಿದವರು ಎಂದು ಅರ್ಥವಂತೆ. ಸಂತೋಷ. ಹಾಗಾದರೆ ಕೈಜೋಡಿಸಿದವರು ಯಾರು ಎಂದು ನಾವೇ ಹೇಳಬಲ್ಲೆವು. ಯಾಕೆಂದರೆ ಆ ಹುಡುಗರ ಬಸ್ಸು ಬಂದು ನಿಂತದ್ದು ಹೊಸಪೇಟೆಯ ನಮ್ಮ ಕೇರಿಯ ಬಾಯಲ್ಲೇ.

ಹೋದ ಬೇಸಿಗೆಯಲ್ಲಿ ಬಂದರು. ಕೈಯಲ್ಲಿ ಇಂಗ್ಲಿಷಿನ ಪ್ರಶ್ನಾವಳಿ. ಕಳೆದ ಎರಡು ವಾರಗಳಲ್ಲಿ ನಿದ್ದೆ ಸರಿಯಾಗಿ ಬಂದಿದೆಯೆ, ಬದುಕು ಬೇಡ ಅನ್ನಿಸಿದೆಯೆ ಎಂದು ನಮ್ಮ ಮುದುಕಿಯರನ್ನು ಕೇಳಿದರು. ಅವರನ್ನು ಮನೆಮನೆಗೆ ಕರೆದುಕೊಂಡು ತಿರುಗಿದಾಕೆ ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ಆಕೆ ಬಾಗಿಲು ತಟ್ಟದಿದ್ದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಪ್ರಶ್ನೆಗಳನ್ನು ನಮ್ಮ ಮಾತಿಗೆ ತಂದವನು ಅದೇ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗ. ಕಂಪ್ಲಿ ಕಡೆಯವನು, ಕಬ್ಬು ಕಡಿಯುವ ಕೂಲಿಕಾರರ ಮಗ. ತನ್ನ ಪಾಲಿನ ಹಾಳೆಗಳ ಜೊತೆಗೆ ಇಡೀ ತರಗತಿಯ ಹಾಳೆಗಳನ್ನೂ ಅವನೇ ತುಂಬಿಸಿದ.

ಒಬ್ಬ ಅಜ್ಜಿ ಹೇಳಿದ್ದು ನಮಗೆ ಇನ್ನೂ ನೆನಪಿದೆ: "ತಮ್ಮಾ, ರಾತ್ರಿಯೆಲ್ಲ ಅದಿರು ಲಾರಿ ಓಡಾಡ್ತಾವು, ನಿದ್ದಿ ಎಲ್ಲಿಂದ ಬರಬೇಕು? ಮಗ ಕುಡದು ಬರ್ತಾನ. ನಳ ಎಂಟು ದಿನಕ್ಕೊಮ್ಮಿ ಬರ್ತೈತಿ. ಇದನ್ನೆಲ್ಲ ಬರಕೊಂಡು ಹೋಗಿ ಯಾರಿಗೆ ಕೊಡ್ತೀರಿ?"

ಹಾಳೆಯಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕಗಳಿದ್ದವು. ಅದಿರು ಲಾರಿಗೆ ಜಾಗ ಇರಲಿಲ್ಲ.

ಈಗ ಸನ್ಮಾನದ ಪಟ್ಟಿ ನೋಡಿ. ಸಮುದಾಯ ಸಹಭಾಗಿ ಎಂಬ ಗೌರವ, ಆ ದಿನ ಹುಡುಗರಿಗೆ ಮಧ್ಯಾಹ್ನದ ಊಟ ಹಾಕಿಸಿ ಫೋಟೋ ತೆಗೆಸಿಕೊಂಡ ಒಂದು ಟ್ರಸ್ಟಿಗೆ. ಮಾರ್ಗದರ್ಶಕ ಗೌರವ, ಬಸ್ಸಿನಿಂದ ಇಳಿಯದ ಪ್ರಾಧ್ಯಾಪಕರಿಗೆ. ವಿದ್ಯಾರ್ಥಿ ಸಂಘಟನೆ ಗೌರವ, ವಿಭಾಗದ ರಂಗೋಲಿ ಸ್ಪರ್ಧೆ ನಡೆಸುವ ಕೂಟಕ್ಕೆ. ಆಶಾ ಅಕ್ಕ ಎಲ್ಲಿ? ಇಲ್ಲ. ಕಂಪ್ಲಿಯ ಹುಡುಗ? ಇಲ್ಲ. ಹುಡುಗನ ಪರೀಕ್ಷಾ ಶುಲ್ಕಕ್ಕೆ ಹತ್ತು ಇಪ್ಪತ್ತು ರೂಪಾಯಿ ಚಂದಾ ಎತ್ತಿದ ಹಾಸ್ಟೆಲ್ ಗೆಳೆಯರು? ಅವರ ಹೆಸರು ಎಲ್ಲಿ ಬರಬೇಕು ಹೇಳಿ!

ಇದು ಒಂದು ವಿಭಾಗದ ಕತೆಯಲ್ಲ. ಅದಕ್ಕೇ ನಾವು ಅದರ ಹೆಸರು ಹೇಳುತ್ತಿಲ್ಲ. ಇದು ಒಂದು ಪದ್ಧತಿ. ದುಡಿದವನೊಬ್ಬ, ಉಂಡವನೊಬ್ಬ ಎಂಬ ಹೊಲದ ನ್ಯಾಯ ವಿದ್ಯೆಯ ಅಂಗಳಕ್ಕೂ ಬಂದು ಕೂತಿದೆ. ಹೊಲದಲ್ಲಿ ರಾಶಿ ಆದ ಮೇಲೆ ಕೂಲಿಯವನಿಗೆ ಒಂದು ಮೊರ ಜೋಳವಾದರೂ ಸಿಗುತ್ತಿತ್ತು. ವಿದ್ಯೆಯ ಕಣದಲ್ಲಿ ಅದೂ ಇಲ್ಲ.

ಬಳ್ಳಾರಿ ಕೊಟ್ಟದ್ದು, ಬಳ್ಳಾರಿಗೆ ಸಿಕ್ಕದ್ದು

ನಮ್ಮ ಊರಿನ ಬಿ.ಎ. ಓದುವ ಹುಡುಗರನ್ನು ಕೇಳಿ: ಬಳ್ಳಾರಿ ಜಗತ್ತಿಗೆ ಏನು ಕೊಟ್ಟಿತು? ಕಬ್ಬಿಣದ ಅದಿರು ಎನ್ನುತ್ತಾರೆ. ಸ್ವಲ್ಪ ತಿಳಿದವರು 2011ರ ಲೋಕಾಯುಕ್ತ ವರದಿ, ಗಣಿ ಲೂಟಿ ಎನ್ನುತ್ತಾರೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಅವರಿಗೆ ಹೇಳಿಲ್ಲ.

1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕಾಗದದ ಮೇಲೆ ಬರೆಯಿತು. ಅದನ್ನು ನೆಲದ ಮೇಲೆ, ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆ ಒಂದೇ ಜಿಲ್ಲೆ. ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದದ್ದು 2021ರಲ್ಲಿ. ಹುಚ್ಚು ಹಿಡಿದವರನ್ನು ಬೆಂಗಳೂರಿಗೋ ಧಾರವಾಡಕ್ಕೋ ಸಾಗಿಸಬೇಕಾಗಿಲ್ಲ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು, ಮೂರ್ಛೆ ರೋಗಕ್ಕೂ ಚಿತ್ತವಿಕಲತೆಗೂ ಅಲ್ಲೇ ಮಾತ್ರೆ ಕೊಡಬಹುದು ಎಂಬುದು ಆ ಪ್ರಯೋಗದ ತಿರುಳು. ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ಡಾಕ್ಟರಿಗೆ ತರಬೇತಿ ಕೊಟ್ಟರು. ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟರು. ರೋಗಿಯನ್ನು ಗುರುತಿಸುವುದು, ಮನೆಯವರನ್ನು ಒಪ್ಪಿಸುವುದು, ಮಾತ್ರೆ ಬಿಟ್ಟನೋ ನುಂಗಿದನೋ ಎಂದು ಮತ್ತೆ ಮತ್ತೆ ಹೋಗಿ ನೋಡುವುದು ಈ ಕಾರ್ಯಕರ್ತರ ಪಾಲಿಗೆ ಬಂತು.

1990ರ ತನಕ ನಡೆದ ಈ ಕೆಲಸವೇ 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. ಅದನ್ನು ನೋಡಿಯೇ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಆಮೇಲೆ ದೇಶದ ಉದ್ದಗಲಕ್ಕೂ ಹಬ್ಬಿತು. ದೇಶಕ್ಕೆ ದೇಶವೇ ನಮ್ಮ ಜಿಲ್ಲೆಯಿಂದ ಕಲಿಯಿತು!

ಆ ಕೆಲಸ ಮಾಡಿದ ತಜ್ಞರನ್ನು ನಾವು ಹಳಿಯುವುದಿಲ್ಲ. ಅದು ದೊಡ್ಡ ಕೆಲಸ, ಬಡವರ ಪರವಾದ ಕೆಲಸ. ನಾವು ಕೇಳುವುದು ಇಷ್ಟೇ: ಬಿಸಿಲಲ್ಲಿ ಕೂಡ್ಲಿಗಿಯ ಹಟ್ಟಿಗೂ ಸಂಡೂರಿನ ತಾಂಡಾಕ್ಕೂ ನಡೆದು ಹೋದ ದಾದಿಯರು, ಕಂಬಕ್ಕೆ ಕಟ್ಟಿದ ಮಗನ ಹಗ್ಗ ಬಿಚ್ಚಲು ಧೈರ್ಯ ಮಾಡಿದ ತಾಯಂದಿರು, ಇವರೂ ಆ ಜ್ಞಾನವನ್ನು ಕಟ್ಟಿದವರಲ್ಲವೆ? 'ಬಳ್ಳಾರಿ' ಎಂಬ ಹೆಸರು ಮಾದರಿಗೆ ಅಂಟಿತು. ಬಳ್ಳಾರಿಯ ಜನ ಆ ಹೆಸರಿನೊಳಗೆ ಕಳೆದುಹೋದರು. 2005ರಿಂದ ಈಚೆಗೆ ಅದೇ ಜಾಗಕ್ಕೆ ಆಶಾ ಬಂದಿದ್ದಾಳೆ. ಸರ್ಕಾರದ ಕಾಗದದಲ್ಲಿ ಆಕೆ ನೌಕರಳಲ್ಲ, 'ಸ್ವಯಂಸೇವಕಿ'. ಗೌರವಧನವಂತೆ! ಯಾವ ದುಡಿಮೆಗೆ ಸಂಬಳ ಕೊಡಲು ಮನಸ್ಸಿಲ್ಲವೋ ಅದಕ್ಕೆ ಗೌರವ ಎಂದು ಹೆಸರಿಡುವುದು ಈ ವ್ಯವಸ್ಥೆಯ ಹಳೆಯ ಚಾಳಿ.

ಇನ್ನೊಂದು ಮಾತು. ಕಾಲೇಜಿನ ಗುಣಮಟ್ಟವನ್ನು ನ್ಯಾಕ್ ಅಳೆಯುತ್ತದೆ. ವಿಸ್ತರಣಾ ಚಟುವಟಿಕೆ ಏನು ಮಾಡಿದಿರಿ, ಅದಕ್ಕೆ ಯಾವ ಮನ್ನಣೆ ಸಿಕ್ಕಿತು ಎಂದು ಅದು ಕೇಳುತ್ತದೆ. ಆಗ ಕಾಲೇಜಿನವರು ಗ್ರಾಮ ಪಂಚಾಯಿತಿಗೆ ಓಡಿ ಬರುತ್ತಾರೆ: "ನಮ್ಮ ಹುಡುಗರು ನಿಮ್ಮೂರಿಗೆ ಸೇವೆ ಮಾಡ್ಯಾರ ಅಂತ ಒಂದು ಪತ್ರ ಬರಕೊಡ್ರಿ." ನೋಡಿ, ನಾವು ಅವರಿಗೆ ಕಲಿಸಿದೆವು, ನಮ್ಮ ಸಂಕಟ ಕೊಟ್ಟೆವು, ಹೊತ್ತು ಕೊಟ್ಟೆವು. ಕೊನೆಗೆ ಪ್ರಮಾಣಪತ್ರವನ್ನೂ ನಾವೇ ಕೊಡಬೇಕು!

ಗುರು ಯಾರು?

ಕಂಪ್ಲಿಯ ಹುಡುಗನಿಗೆ ಮೊದಲ ವರ್ಷ ಮಾರ್ಗದರ್ಶಕರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಕಡೆ ಜನಕ್ಕೆ ದೇವರು ಯಾಕೆ ಅಷ್ಟು ಮೈಮೇಲೆ ಬರ್ತದೆ?" ತರಗತಿ ನಕ್ಕಿತು. ಅವನ ಅವ್ವನ ಮೈಮೇಲೂ ಬರುತ್ತಿತ್ತು. ಅವನು ಆ ದಿನದಿಂದ ಬಾಯಿ ಬಿಡಲಿಲ್ಲ. ಪ್ರಬಂಧದ ಅಧ್ಯಾಯಗಳನ್ನು ಕೊಟ್ಟ. ಅವು ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತವು. ಅವನ್ನು ಓದಿ, ತಿದ್ದಿ, ಅವನ ಇಂಗ್ಲಿಷನ್ನು ಸಾಲು ಸಾಲಾಗಿ ಸರಿಮಾಡಿದವನು ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಸಂಶೋಧನಾ ವಿದ್ಯಾರ್ಥಿ. ರಾತ್ರಿ ಹನ್ನೊಂದರ ಮೇಲೆ, ಮೆಸ್ಸಿನ ಬೆಂಚಿನ ಮೇಲೆ. ಅವನ ಹೆಸರು ಪ್ರಬಂಧದ ಯಾವ ಪುಟದಲ್ಲೂ ಇಲ್ಲ.

ಮಾರ್ಗದರ್ಶಕ ಎಂದರೆ ಯಾರು ಎಂದು ತಿಳಿಯಬೇಕಾದರೆ ಬಾಬಾಸಾಹೇಬರ ಬದುಕು ನೋಡಿ. 1907ರಲ್ಲಿ ಮೆಟ್ರಿಕ್ ಮುಗಿಸಿದ ಹುಡುಗನ ಕೈಗೆ ಕೃಷ್ಣಾಜಿ ಕೇಳುಸ್ಕರ್ ಎಂಬ ಮೇಷ್ಟ್ರು ತಾವು ಬರೆದ ಬುದ್ಧನ ಚರಿತ್ರೆಯನ್ನು ಇಟ್ಟರು. ಮುಂದೆ ಬರೋಡದ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನಕ್ಕೂ ದಾರಿ ಮಾಡಿದರು. ಪುಸ್ತಕ ಕೊಡುವುದು, ಬಾಗಿಲು ತೆರೆಸುವುದು: ಗುರುವಿನ ಕೆಲಸ ಈ ಎರಡೇ. ಉಳಿದದ್ದು ಭಾಷಣ.

ನಮ್ಮ ಸೀಮೆಯ ಒಂದು ನಿದರ್ಶನ ಕೊಡುತ್ತೇವೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯನ್ನು ಈಗ ಎಲ್ಲರೂ ಬಲ್ಲರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಸಾವಿನ ಅಂಚಿಗೆ ಹೋಗಿ ಬಂದ ಆ ಜೀವವನ್ನು ಉಳಿಸಿದವರು ಯಾರು? ಯಾವ ಡಿಗ್ರಿಯ ಆಪ್ತಸಲಹೆಗಾರರು? ಕಾಳವ್ವ ಜೋಗತಿ ಎಂಬ ಹಿರಿಯ ಜೋಗತಿ ಕರೆದು ಹಾಡು, ಕುಣಿತ, ಕಥೆ ಕಲಿಸಿದರು. ಬದುಕಲು ಒಂದು ಕಾರಣ ಕೊಟ್ಟರು. ಆ ಹೊತ್ತಿಗೆ ಮನಶ್ಶಾಸ್ತ್ರದ ಪುಸ್ತಕಗಳು ಇಂಥವರನ್ನು ರೋಗಿಗಳ ಪಟ್ಟಿಯಲ್ಲಿ ಇಟ್ಟಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಲಿಂಗಪರಿವರ್ತಿತರನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯುವ ಹೊಸ ವರ್ಗೀಕರಣವನ್ನು ಒಪ್ಪಿದ್ದು 2019ರಲ್ಲಿ. ಮಂಜಮ್ಮ ಅಕಾಡೆಮಿಯ ಕುರ್ಚಿಯಲ್ಲಿ ಕೂತದ್ದೂ ಅದೇ ವರ್ಷ! ಶಾಸ್ತ್ರ ತಡವಾಗಿ ಬಂತು. ಜೋಗತಿ ಮೊದಲೇ ಬಂದಿದ್ದಳು.

ಜೋಗತಿ ಪದ್ಧತಿಯನ್ನು ನಾವು ಮೆರೆಸುತ್ತಿಲ್ಲ, ತಿಳಿಯಿರಿ. ಅದೇ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆಯೇ ಬೇಕಾಯಿತು. ನಾವು ಹೇಳುವುದು ಮನುಷ್ಯ ಮನುಷ್ಯನನ್ನು ಕೈಹಿಡಿದು ಎತ್ತಿದ ಬಗೆಯ ಬಗ್ಗೆ. ಅದನ್ನು ಓದದ ಮನಶ್ಶಾಸ್ತ್ರ ಯಾರ ಮನಸ್ಸಿನ ಶಾಸ್ತ್ರ?

ಒಳ್ಳೆಯ ಮೇಷ್ಟ್ರುಗಳಿಲ್ಲವೆ? ಇದ್ದಾರೆ. ಡಾ. ಸಿ.ಆರ್. ಚಂದ್ರಶೇಖರ್ ಅವರು ದಶಕಗಳಿಂದ ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಹಳ್ಳಿಯ ಮೇಷ್ಟ್ರ ಕಪಾಟಿಗೂ ಅವು ತಲುಪಿದವು. ಅಂಥವರಿಗೆ ಶಾಲು ಹೊದಿಸಿ, ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಬಸ್ಸಿನಿಂದ ಇಳಿಯದವರಿಗೆ ಹೊದಿಸುವ ಶಾಲು, ಇಳಿದು ನಡೆದವರಿಗೆ ಮಾಡುವ ಅವಮಾನ.

ಸಂಘಟನೆ ಯಾಕೆ ಬೇಕು?

1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗೆ ನಾಡು ಹೊತ್ತಿ ಉರಿಯಿತು. ಪೆಟ್ಟು ತಿಂದವರು ಹಾಸ್ಟೆಲ್ಲಿನ ದಲಿತ ಹುಡುಗರು. ಆ ಪೆಟ್ಟಿನಿಂದಲೇ ದಲಿತ ವಿದ್ಯಾರ್ಥಿಗಳು ಒಂದಾದರು, ದಲಿತ ಸಂಘರ್ಷ ಸಮಿತಿ ಬೆಳೆಯಿತು. ಆ ಹುಡುಗರಿಗೆ ಆಗ ಯಾವ ಆಪ್ತಸಲಹಾ ಕೇಂದ್ರ ಇತ್ತು? ಒಬ್ಬನ ಅಳುವನ್ನು ಇನ್ನೊಬ್ಬ ಕೇಳಿದ. ಒಬ್ಬನ ಕೀಳರಿಮೆಯನ್ನು ಇನ್ನೊಬ್ಬನ ಹಾಡು ತೊಳೆಯಿತು. 'ನೀನು ಕೀಳಲ್ಲ, ನಿನ್ನನ್ನು ಕೀಳು ಮಾಡಿದ್ದಾರೆ' ಎಂಬ ಒಂದು ಮಾತು ಎಷ್ಟು ಜೀವಗಳನ್ನು ಉಳಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಇದು ಚಿಕಿತ್ಸೆ ಅಲ್ಲವಾದರೆ ಚಿಕಿತ್ಸೆ ಯಾವುದು?

ಆದರೂ ವಿಶ್ವವಿದ್ಯಾಲಯಗಳಿಗೆ ಇಂಥ ಸಂಘಟನೆ ಎಂದರೆ ಪೊಲೀಸ್ ಕಡತ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನು ಹಾಸ್ಟೆಲ್ಲಿನಿಂದ ಹೊರಹಾಕಿದಾಗ ಅವರ ಜೊತೆ ಬಯಲಲ್ಲಿ ನಿಂತದ್ದು ಅಂಬೇಡ್ಕರ್ ವಿದ್ಯಾರ್ಥಿ ಸಂಘ. ತಮ್ಮ ಟೆಂಟಿಗೆ ಅವರು ಇಟ್ಟ ಹೆಸರು 'ವೆಲಿವಾಡ', ಅಂದರೆ ಊರ ಹೊರಗಿನ ಕೇರಿ. 2016ರ ಜನವರಿ 17ರಂದು ರೋಹಿತ್ ಹೋದ. 2019ರ ಮೇ ತಿಂಗಳಲ್ಲಿ ಮುಂಬೈಯ ಯುವ ವೈದ್ಯೆ ಪಾಯಲ್ ತಡ್ವಿ ಹೋದಳು. ಅದಕ್ಕೂ ಮೊದಲೇ, 2007ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ ನಡೆಯುವ ಜಾತಿ ತಾರತಮ್ಯವನ್ನು ಥೋರಟ್ ಸಮಿತಿ ಬರೆದು ಇಟ್ಟಿತ್ತು. 2012ರಲ್ಲಿ ಯುಜಿಸಿ ಸಮಾನತೆಯ ನಿಯಮಾವಳಿ ಹೊರಡಿಸಿತ್ತು. ಕಾಗದ ಇತ್ತು, ಕಿವಿ ಇರಲಿಲ್ಲ. ಒಬ್ಬ ಹುಡುಗ ಸತ್ತ ಮೇಲೆ 'ಖಿನ್ನತೆ' ಎಂದು ಬರೆದು ಕೈತೊಳೆಯುವುದು ಸುಲಭ. ಬದುಕಿದ್ದಾಗ ಅವನ ಜೊತೆ ನಿಂತವರನ್ನು ಗುರುತಿಸುವುದು ಕಷ್ಟ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮ್ಮೇಳನ. ಅಧ್ಯಕ್ಷ ಜಾರ್ಜ್ ಮಿಲ್ಲರ್ ಭಾಷಣಕ್ಕೆ ನಿಂತಿದ್ದರು. ಮನಶ್ಶಾಸ್ತ್ರವನ್ನು ಜನರಿಗೆ ಹಂಚಿಬಿಡಬೇಕು ಎಂಬುದೇ ಅವರ ಭಾಷಣದ ವಿಷಯ. ಆಗ ಕರಿಯ ವಿದ್ಯಾರ್ಥಿಗಳ ಮನಶ್ಶಾಸ್ತ್ರ ಸಂಘದವರು ವೇದಿಕೆ ಏರಿದರು. ಜನರಿಗೆ ಹಂಚುವ ಮೊದಲು ನಮ್ಮನ್ನು ಒಳಗೆ ಬಿಡಿ ಎಂಬುದು ಅವರ ವಾದದ ಸಾರ. ಕರಿಯ ವಿದ್ಯಾರ್ಥಿಗಳಿಗೆ, ಕರಿಯ ಅಧ್ಯಾಪಕರಿಗೆ ಜಾಗ ಕೊಡಿ, ನಮ್ಮ ಜನರ ನಡುವೆ ಕೆಲಸ ಮಾಡಿ ಕಲಿಯುವ ಅವಕಾಶ ಕೊಡಿ ಎಂದು ಬೇಡಿಕೆ ಇಟ್ಟರು. ಸಂಘ ಅವನ್ನು ತಾತ್ವಿಕವಾಗಿ ಒಪ್ಪಬೇಕಾಯಿತು. ಗಮನಿಸಿ: ಆ ಹುಡುಗರು ಪ್ರಶಸ್ತಿ ಕೇಳಲಿಲ್ಲ. ಜಾಗ ಕೇಳಿದರು. ಮನ್ನಣೆ ಎಂದರೆ ಅದು.

ನಮ್ಮ ಕಡೆಗೂ ಒಂದು ಬೆರಳು

ವಿಜ್ಞಾನಕ್ಕೆ ಜಾತಿ ಯಾಕೆ ತರುತ್ತೀರಿ ಎಂದು ಕೆಲವರು ಕೇಳುತ್ತಾರೆ. ಸ್ವಾಮಿ, ನಾವು ತರಲಿಲ್ಲ. ನಿಮ್ಮ ಬಸ್ಸು ಬಂದು ನಿಂತದ್ದು ಬ್ರಾಹ್ಮಣರ ಬೀದಿಯಲ್ಲಲ್ಲ, ನಮ್ಮ ಕೇರಿಯಲ್ಲಿ. ಸಂಕಟ ಹುಡುಕಿಕೊಂಡು ಬರುವಾಗ ಜಾತಿಯ ವಿಳಾಸ ಬೇಕು, ಸನ್ಮಾನ ಕೊಡುವಾಗ ಜಾತಿ ಬೇಡವೆ?

ಆದರೆ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ನಮ್ಮ ಸಭೆಗಳಲ್ಲೂ ಶಾಲಿನ ರೋಗ ಸೇರಿದೆ. ವೇದಿಕೆಯ ಮೇಲೆ ಹತ್ತು ಗಂಡಸರು, ಅಡುಗೆ ಮನೆಯಲ್ಲಿ ನಮ್ಮ ಅಕ್ಕಂದಿರು. ನಮ್ಮ ಭಾಷಣದಲ್ಲೂ ಎದುರಾಳಿಯನ್ನು 'ಹುಚ್ಚ' ಎಂದು ಬೈಯುತ್ತೇವೆ. ಆ ಮಾತು ಕಂಬಕ್ಕೆ ಕಟ್ಟಿಸಿಕೊಂಡ ನಮ್ಮದೇ ತಮ್ಮನಿಗೆ ತಾಗುತ್ತದೆ ಎಂದು ಯೋಚಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ನಮ್ಮ ಓಣಿಯಲ್ಲಿ ಅದನ್ನು ಹೇಳಿದವರು ಯಾರು? ಸಾಯಬೇಕು ಅನ್ನಿಸಿದ ಹುಡುಗನಿಗೆ 14416 ಎಂಬ ಟೆಲಿ ಮಾನಸ್ ನಂಬರು 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು ಎಂದು ಹಾಸ್ಟೆಲ್ ಗೋಡೆಯ ಮೇಲೆ ಬರೆದವರು ಎಷ್ಟು ಜನ? ಮೇಷ್ಟ್ರುಗಳೆ, ಇದು ನಿಮ್ಮ ಕೆಲಸ, ನಮ್ಮ ಕೆಲಸ.

ನಮ್ಮ ಬೇಡಿಕೆ

ಶಾಲು, ಹಾರ, ಹಣ್ಣಿನ ಬುಟ್ಟಿ ನಿಮಗೇ ಇರಲಿ. ನಾವು ಕೇಳುವುದು ಪಾಲು.

ಒಂದು: ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ತಿರುಗಿದ ಆಶಾ, ಅಂಗನವಾಡಿ ಕಾರ್ಯಕರ್ತೆಗೆ ಆ ದಿನದ ಕೂಲಿ ಕೊಡಿ. ಅವರ ಹೆಸರನ್ನು ಅವರು ಒಪ್ಪಿದರೆ ವರದಿಯಲ್ಲಿ ಬರೆಯಿರಿ. ಮಾತು ತಿರುಗಿಸಿದ ಹುಡುಗನ ಹೆಸರು ಕೃತಜ್ಞತೆಯ ಮೂಲೆಯಲ್ಲಲ್ಲ, ಬರೆದವರ ಸಾಲಿನಲ್ಲಿ ಬರಲಿ.

ಎರಡು: ನಮ್ಮಿಂದ ಬರೆದುಕೊಂಡು ಹೋದದ್ದನ್ನು ಕನ್ನಡದಲ್ಲಿ, ನಮ್ಮ ಕೇರಿಯಲ್ಲಿ, ನಮ್ಮ ಮುಂದೆ ಓದಿ ಹೇಳಿ. ಆಮೇಲೆ ಡಿಗ್ರಿ ತೆಗೆದುಕೊಳ್ಳಿ.

ಮೂರು: ಮಾರ್ಗದರ್ಶಕರನ್ನು ಆರಿಸುವಾಗ ವಿದ್ಯಾರ್ಥಿಗಳನ್ನು ಕೇಳಿ. ಎಷ್ಟು ಪ್ರಶಸ್ತಿ ಬಂತು ಎಂದಲ್ಲ, ಅವರ ಕೈಕೆಳಗೆ ಸೇರಿದ ದಲಿತ, ಆದಿವಾಸಿ, ಹಳ್ಳಿಯ ಮಕ್ಕಳಲ್ಲಿ ಎಷ್ಟು ಮಂದಿ ಓದು ಮುಗಿಸಿದರು, ಎಷ್ಟು ಮಂದಿ ಅರ್ಧಕ್ಕೆ ಬಿಟ್ಟರು ಎಂಬ ಲೆಕ್ಕವನ್ನು ಗೋಡೆಗೆ ಹಚ್ಚಿ.

ನಾಲ್ಕು: ದಲಿತ ವಿದ್ಯಾರ್ಥಿ ಸಂಘಟನೆಗಳನ್ನು ವಿಭಾಗದ ಸಮಿತಿಗಳಲ್ಲಿ ಕೂರಿಸಿ. ಅವರು ಗಲಾಟೆ ಮಾಡುವವರಲ್ಲ, ನಿಮ್ಮ ಕಿವಿ.

ಐದು: ದೇಶಕ್ಕೆ ಮಾದರಿ ಕೊಟ್ಟ ಈ ಹಳೆಯ ಬಳ್ಳಾರಿ ಜಿಲ್ಲೆಯ ಬಡ ಮಕ್ಕಳಿಗೆ ಚಿಕಿತ್ಸಾ ಮನಶ್ಶಾಸ್ತ್ರ ಓದಲು ಸೀಟು, ವಿದ್ಯಾರ್ಥಿವೇತನ, ಕನ್ನಡದಲ್ಲಿ ಪಾಠದ ನೆರವು ಕೊಡಿ. ನಮ್ಮ ಅಜ್ಜಿಯ ನಿದ್ದೆಯ ಬಗ್ಗೆ ಕೇಳಲು ನಮ್ಮ ಮೊಮ್ಮಗಳೇ ಬರಲಿ. ಅವಳ ಹಾಳೆಯಲ್ಲಿ ಅದಿರು ಲಾರಿಗೆ ಜಾಗ ಇರುತ್ತದೆ.

ಕಂಪ್ಲಿಯ ಹುಡುಗ ಪಾಸಾದ. ಎಂ.ಎ. ಆದ ಮಾತ್ರಕ್ಕೆ ಚಿಕಿತ್ಸೆ ಮಾಡಲು ಆಗುವುದಿಲ್ಲ, ಇನ್ನೂ ಓದಬೇಕು. ಓದಲು ದುಡ್ಡು ಬೇಕು. ಸದ್ಯ ಅವನು ಅಪ್ಪನ ಜೊತೆ ಕಬ್ಬಿನ ಗದ್ದೆಯಲ್ಲಿದ್ದಾನೆ. ಸಂಜೆ ಹೊತ್ತು ಕೇರಿಯ ಹುಡುಗರ ಮಾತು ಕೇಳುತ್ತಾನೆ. ಅವನಿಗೆ ನೀವು ಶಾಲು ಹೊದಿಸಿದರೂ ಅದರಿಂದ ಫೀಸು ಕಟ್ಟಲಾಗುವುದಿಲ್ಲ.

ಆಮಂತ್ರಣವನ್ನು ಆಶಾ ಅಕ್ಕನಿಗೂ ಓದಿ ಹೇಳಿದೆವು. ಅಕ್ಕ ನಕ್ಕಳು. "ಈ ಹೊಸಪೇಟಿ ಬಿಸಿಲಾಗ ಶಾಲು ತಗೊಂಡು ಏನ್ ಮಾಡ್ಲಪ್ಪಾ? ಆವತ್ತಿನ ಕೂಲಿ ಕೊಟ್ರ ಸಾಕಿತ್ತು. ಆ ಅಜ್ಜಿ ಕೇಳಿದ್ದಕ್ಕ ಉತ್ತರ ಕೊಟ್ಟಿದ್ರ ಇನ್ನೂ ಚಲೋ ಇತ್ತು."

ಸಮಾರಂಭಕ್ಕೆ ನಾವು ಹೋಗುತ್ತೇವೆ. ಹಾರಕ್ಕೆ ಕೊರಳು ಒಡ್ಡಲು ಅಲ್ಲ. ಅಜ್ಜಿಯ ಪ್ರಶ್ನೆಯನ್ನು ಆ ವೇದಿಕೆಗೆ ಮುಟ್ಟಿಸಲು: ಇದನ್ನೆಲ್ಲ ಬರಕೊಂಡು ಹೋಗಿ ಯಾರಿಗೆ ಕೊಟ್ಟಿರಿ?

ನೀವೂ ಬನ್ನಿ.